ದೂರ ಸೈಕಲ್ ತುಳಿದರೆ ಕುತ್ತಿಗೆ ಹಿಡಿಯುವುದೇಕೆ?

ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಚಿಕ್ಕಮಗಳೂರಿಗೆ ಇನ್ನೊಂದು 25. ನಮ್ಮ ಕಡೆ ದೂರದ ಸವಾರಿ ಶುರು ಮಾಡುವ ಎಷ್ಟೋ ಜನ ಮೊದಲು ಹಿಡಿಯುವ ದಾರಿ ಇದು. ನಾನೂ ಅದನ್ನೇ ಹಿಡಿದೆ. ಹೋಗುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ ಬೇಲೂರು ದಾಟಿ ಹಗರೆ ಹತ್ತಿರ ಬರುವಷ್ಟರಲ್ಲಿ ತಲೆ ಎತ್ತುವುದೇ ಕಷ್ಟವಾಯಿತು. ಕಾಲು ಇನ್ನೂ ತುಳಿಯುತ್ತಿತ್ತು, ಉಸಿರೂ ಸರಿಯಾಗಿತ್ತು. ಕುತ್ತಿಗೆ ಮಾತ್ರ ಆಗಲ್ಲ ಎಂದಿತು. ರಸ್ತೆ ಪಕ್ಕದ ಮೋರಿ ಕಟ್ಟೆ ಮೇಲೆ ಕೂತು, ಹೆಲ್ಮೆಟ್ ಬಿಚ್ಚಿ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದೆ.

ಮನೆಗೆ ಬಂದಾಗ ಅಮ್ಮ, "ನರ ಹಿಡ್ಕೊಂಡಿರಬೇಕು ಕಣೋ, ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ" ಎಂದರು. ಹಾಗೇ ಮಾಡಿದೆ. ಎರಡು ದಿನದಲ್ಲಿ ಕಡಿಮೆಯಾಯಿತು. ಮುಂದಿನ ಭಾನುವಾರ ಮತ್ತೆ ಹೋದೆ. ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುವಾಗ ಅದೇ ನೋವು. ಹೀಗೆ ಪ್ರತಿ ಸಲ ಒಂದೇ ಕಿಲೋಮೀಟರಿಗೆ ಬರುವ ನೋವಿಗೆ ಎಣ್ಣೆಯಿಂದ ಪರಿಹಾರ ಸಿಗುವುದಿಲ್ಲ ಎಂದು ಆಗ ಅನ್ನಿಸಿತು.

ಆಮೇಲೆ ಓದಿ, ಕೇಳಿ, ನನ್ನ ಮೈಮೇಲೇ ಪರೀಕ್ಷೆ ಮಾಡಿ ತಿಳಿದದ್ದು ಇಷ್ಟು. ಸೈಕಲ್ ಸವಾರರ ಕುತ್ತಿಗೆ ನೋವಿನ ಮೂಲ ಬಹಳ ಸಲ ಕುತ್ತಿಗೆಯಿಂದ ಕೆಳಗಿರುತ್ತದೆ. ಸೀಟು ಎಲ್ಲಿದೆ, ಹ್ಯಾಂಡಲ್ ಎಷ್ಟು ದೂರದಲ್ಲಿದೆ, ಅಂಗೈ ಮೇಲೆ ಎಷ್ಟು ಭಾರ ಬೀಳುತ್ತಿದೆ, ಹೊಟ್ಟೆ-ಬೆನ್ನಿನ ಸ್ನಾಯುಗಳಿಗೆ ಎಷ್ಟು ಬಲವಿದೆ. ಇಲ್ಲೆಲ್ಲೋ ಆದ ಎಡವಟ್ಟಿನ ಭಾರ ಹೆಗಲಿಗೆ ಬಂದು, ಹೆಗಲಿನಿಂದ ಕುತ್ತಿಗೆಗೆ ಹತ್ತುತ್ತದೆ.

ಮದನಿಕೆ ನೋಡುವ ಕುತ್ತಿಗೆ

ಬೇಲೂರಿನ ಚೆನ್ನಕೇಶವ ದೇವಸ್ಥಾನ ನೋಡಿದವರಿಗೆ ಈ ನೋವನ್ನು ವಿವರಿಸುವುದು ಸುಲಭ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಆ ಗುಡಿಯಲ್ಲಿ ಮದನಿಕೆಯರು ಇರುವುದು ಮೇಲೆ, ಸೂರಿನ ಕೆಳಗೆ. ಒಬ್ಬೊಬ್ಬಳನ್ನೇ ತಲೆ ಎತ್ತಿ ನೋಡುತ್ತಾ ಒಂದು ಸುತ್ತು ಬನ್ನಿ. ಐದು ನಿಮಿಷಕ್ಕೆಲ್ಲ ಕತ್ತಿನ ಹಿಂಭಾಗ ಬಿಗಿಯುತ್ತದೆ. ನಮಗೇ ಗೊತ್ತಿಲ್ಲದೆ ಕೈ ಹಿಂದಕ್ಕೆ ಹೋಗಿ ಕತ್ತು ನೀವಿಕೊಳ್ಳುತ್ತದೆ, ಅಲ್ವಾ?

ಸೈಕಲ್ ಮೇಲೂ ಕತ್ತು ಹೀಗೇ ಮಡಿಯುತ್ತದೆ. ಬೆನ್ನು ಮುಂದಕ್ಕೆ ಬಾಗಿರುತ್ತದೆ. ತಲೆಯನ್ನು ಸುಮ್ನೆ ಬಿಟ್ಟರೆ ಕಣ್ಣಿಗೆ ಕಾಣುವುದು ಮುಂದಿನ ಚಕ್ರ. ರಸ್ತೆ ನೋಡಬೇಕೆಂದರೆ ಕತ್ತನ್ನು ಹಿಂದಕ್ಕೆ ಮಡಿಸಲೇಬೇಕು. ಬೆನ್ನು ಬಾಗಿದಷ್ಟೂ ಆ ಮಡಿಕೆ ಜಾಸ್ತಿ. ಗುಡಿಯಲ್ಲಿ ಐದು ನಿಮಿಷ ಇದ್ದ ಭಂಗಿ ಇಲ್ಲಿ ಐದು ಗಂಟೆ. ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬಿಆರ್‌ಎಂ ಎನ್ನುತ್ತಾರೆ, 200 ಕಿಲೋಮೀಟರಿನ ಬಿಆರ್‌ಎಂಗೆ ಕೊಡುವ ಸಮಯ 13 ಗಂಟೆ 30 ನಿಮಿಷ. ಅಷ್ಟು ಹೊತ್ತು ಕತ್ತು ಹೀಗೇ ಇರಬೇಕು.

ಇದರ ಜೊತೆಗೆ ಭಾರದ ಲೆಕ್ಕ. ದೊಡ್ಡವರ ತಲೆ ಸುಮಾರು 4.5ರಿಂದ 5 ಕೆಜಿ ತೂಗುತ್ತದೆ. ಹೆಲ್ಮೆಟ್ ಇನ್ನೊಂದು 300 ಗ್ರಾಂ. ನೆಟ್ಟಗೆ ನಿಂತಾಗ ಈ ಭಾರ ಕುತ್ತಿಗೆಯ ಏಳು ಮೂಳೆಗಳ ಮೇಲೆ ಕೂತಿರುತ್ತದೆ, ಸ್ನಾಯುಗಳಿಗೆ ಹೆಚ್ಚು ಕೆಲಸವಿಲ್ಲ. ಮುಂದಕ್ಕೆ ಬಾಗಿದರೆ ಭಾರ ಮೂಳೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸ! ಬಿಂದಿಗೆ ಅದೇ, ನೀರೂ ಅಷ್ಟೇ. ಚಾಚಿ ಹಿಡಿದ ಬಿಂದಿಗೆಯ ಹಾಗೆ ಮುಂದಕ್ಕೆ ಹೋದ ತಲೆಯನ್ನು ಬೀಳದಂತೆ ಎಳೆದು ಹಿಡಿಯುವುದು ಕತ್ತಿನ ಹಿಂದಿನ ಸ್ನಾಯುಗಳು.

ಕಾಲು ಚೆನ್ನಾಗಿದ್ದೂ ಕುತ್ತಿಗೆ ಸೋಲುವುದು ಯಾಕೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಕಾಲಿನ ಸ್ನಾಯು ನಿಮಿಷಕ್ಕೆ 80 ಸಲ ಬಿಗಿಯುತ್ತದೆ, 80 ಸಲ ಸಡಿಲವಾಗುತ್ತದೆ. ಸಡಿಲವಾದಾಗಲೆಲ್ಲ ಹೊಸ ರಕ್ತ ನುಗ್ಗುತ್ತದೆ. ಕುತ್ತಿಗೆಯ ಸ್ನಾಯುವಿಗೆ ಆ ಬಿಡುವಿಲ್ಲ. ಅದು ಹೊರಟಲ್ಲಿಂದ ಮುಟ್ಟುವ ತನಕ ಬಿಗಿದೇ ಇರುತ್ತದೆ. ಬಿಗಿದ ಸ್ನಾಯುವಿನೊಳಗೆ ರಕ್ತದ ಓಡಾಟ ಕಡಿಮೆ. ಅದಕ್ಕೇ ಮೊದಲು ಬಿಗಿತ, ಆಮೇಲೆ ಉರಿ, ಕೊನೆಗೆ ಸೆಳೆತ.

ನೋಯುವ ಜಾಗವನ್ನು ಒಮ್ಮೆ ನೀವೇ ಮುಟ್ಟಿ ನೋಡಿ. ಬಲಗೈಯನ್ನು ಎಡ ಹೆಗಲ ಮೇಲಿಂದ ಬೆನ್ನಿಗೆ ಹಾಕಿ. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯಂತೆ ಎದ್ದಿರುವ ಮೂಳೆ ಸಿಗುತ್ತದೆ. ಅದರ ಮೇಲಿನ ಮೂಲೆಯಲ್ಲಿ, ಬೆನ್ನುಮೂಳೆಯ ಕಡೆಗೆ, ಬೆರಳಿನಿಂದ ಒತ್ತಿ. ದೂರ ಸವಾರಿ ಮಾಡುವವರಾದರೆ ಅಲ್ಲಿ ಕಡಲೆಕಾಯಿಯಷ್ಟು ಗಂಟು ಸಿಕ್ಕರೂ ಸಿಗಬಹುದು, ಒತ್ತಿದರೆ ಹಿತವಾದ ನೋವು. ಕುತ್ತಿಗೆಯ ಮೇಲಿನ ನಾಲ್ಕು ಮೂಳೆಗಳಿಂದ ಇಳಿದು ಬರುವ ಲೆವೇಟರ್ ಸ್ಕ್ಯಾಪುಲೆ ಎಂಬ ಸ್ನಾಯು ಬಂದು ಸೇರುವ ಜಾಗ ಅದು. ಹೆಗಲನ್ನು ಕಿವಿಯ ಕಡೆ ಎತ್ತುವುದು ಅದರ ಕೆಲಸ. ಅದರ ಮೇಲೆ ಟ್ರೆಪೀಜಿಯಸ್ ಎಂಬ ದೊಡ್ಡ ಸ್ನಾಯು ತಲೆಬುರುಡೆಯ ಹಿಂದಿನಿಂದ ಎರಡೂ ಹೆಗಲಿಗೆ ಹರಡಿ ಬೆನ್ನಿಗಿಳಿಯುತ್ತದೆ. ನಾವು "ನರ ಹಿಡ್ಕೊಂಡಿದೆ" ಅನ್ನುವುದು ಹೆಚ್ಚಿನ ಸಲ ಈ ಎರಡು ಸ್ನಾಯುಗಳ ಬಿಗಿತವನ್ನು. ನಿಜವಾಗಿ ನರಕ್ಕೆ ತೊಂದರೆಯಾದರೆ ಲಕ್ಷಣ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ಈ ಸ್ನಾಯುಗಳು ಪೂರ್ತಿ ಕೈಕೊಡುವುದೂ ಉಂಟು. ಅಮೆರಿಕವನ್ನು ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟುವ ರೇಸ್ ಅಕ್ರಾಸ್ ಅಮೆರಿಕದಲ್ಲಿ 1983ರಲ್ಲಿ ಮೈಕೆಲ್ ಶೆರ್ಮರ್ ಎಂಬ ಸವಾರನಿಗೆ ತಲೆ ಎತ್ತಲಿಕ್ಕೇ ಆಗಲಿಲ್ಲ. ಗದ್ದ ಎದೆಗೆ ಬಿದ್ದುಬಿಡುವ ಆ ಸ್ಥಿತಿಗೆ ಇವತ್ತಿಗೂ ಶೆರ್ಮರ್ಸ್ ನೆಕ್ ಎಂದೇ ಹೆಸರು. ಅದು ದಿನಗಟ್ಟಲೆ ನಿಲ್ಲದೆ ತುಳಿಯುವವರಿಗೆ ಬರುವಂಥದ್ದು. ನೂರು ಕಿಲೋಮೀಟರಿನವರು ಹೆದರಬೇಕಿಲ್ಲ.

ಮೊದಲು ಸೀಟು, ಆಮೇಲೆ ಹ್ಯಾಂಡಲ್

ನನ್ನ ಸೈಕಲ್ ನನಗಿಂತ ಒಂದು ಸೈಜು ದೊಡ್ಡದು. ಕೊಳ್ಳುವಾಗ ಅಂಗಡಿಯವರು "ಸೀಟು ಇಳಿಸಿದ್ರೆ ಸರಿಹೋಗುತ್ತೆ ಸಾರ್" ಎಂದಿದ್ದರು. ಸೀಟು ಇಳಿಸಿದರೆ ಕಾಲು ನೆಲಕ್ಕೆ ಸಿಗುತ್ತದೆ ನಿಜ. ಆದರೆ ದೊಡ್ಡ ಫ್ರೇಮಿನ ತೊಂದರೆ ಇರುವುದು ಉದ್ದದಲ್ಲಿ. ಸೀಟಿನಿಂದ ಹ್ಯಾಂಡಲಿಗೆ ಇರುವ ದೂರ ಜಾಸ್ತಿಯಾದರೆ ಮೊಣಕೈ ನೆಟ್ಟಗಾಗಿ ಕೋಲಿನಂತೆ ಸೆಟೆದು ನಿಲ್ಲುತ್ತದೆ. ಗುಂಡಿಯ ಪ್ರತಿ ಪೆಟ್ಟೂ ಆ ಕೋಲಿನ ಮೂಲಕ ನೇರವಾಗಿ ಹೆಗಲಿಗೆ ಬರುತ್ತದೆ.

ಆಗ ನಾನು ಮಾಡಿದ ತಪ್ಪನ್ನು ಬಹಳ ಜನ ಮಾಡುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಹ್ಯಾಂಡಲ್ ದೂರ ಅನ್ನಿಸಿತಲ್ಲ, ಸೀಟನ್ನೇ ಒಂದೂವರೆ ಸೆಂಟಿಮೀಟರ್ ಮುಂದಕ್ಕೆ ತಳ್ಳಿದೆ. ದೂರ ಕಡಿಮೆಯಾಯಿತು. ಎರಡೇ ಸವಾರಿಯಲ್ಲಿ ಅಂಗೈ ಜೋಮು ಹಿಡಿಯಿತು, ಹೆಗಲ ನೋವು ಇನ್ನೂ ಹೆಚ್ಚಿತು.

ಕಾರಣ ತಿಳಿಯಲು ಸೈಕಲ್ ಬೇಕಿಲ್ಲ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿ ಮತ್ತು ಕುಂಡೆ ಎರಡೂ ಗೋಡೆಗೆ ತಾಗುವಂತೆ ನಿಲ್ಲಿ. ಈಗ ನೆಲ ಮುಟ್ಟಲು ಬಾಗಿ. ಮುಗ್ಗರಿಸುತ್ತೀರಿ. ಗೋಡೆಯಿಂದ ಎರಡು ಹೆಜ್ಜೆ ಮುಂದೆ ಬಂದು ಬಾಗಿದರೆ ಏನೂ ಆಗುವುದಿಲ್ಲ, ಏಕೆಂದರೆ ಬಾಗುವಾಗ ಸೊಂಟ ತಾನಾಗಿ ಹಿಂದಕ್ಕೆ ಹೋಗಿ ಭಾರ ಸರಿದೂಗಿಸುತ್ತದೆ. ಸೈಕಲ್ ಮೇಲೂ ಹೀಗೇ. ಸೊಂಟ ಪೆಡಲಿನಿಂದ ಸಾಕಷ್ಟು ಹಿಂದಿದ್ದರೆ ಮೈಭಾರ ಕಾಲು ಮತ್ತು ಸೀಟಿನ ಮೇಲೆ ನಿಲ್ಲುತ್ತದೆ. ಸೀಟು ಮುಂದೆ ಬಂದರೆ ಮುಗ್ಗರಿಸುವ ಮೈಯನ್ನು ಅಂಗೈ ತಡೆಯಬೇಕು.

ಹಾಗಾಗಿ ಸೀಟಿನ ಜಾಗವನ್ನು ಗೊತ್ತು ಮಾಡಬೇಕಾದ್ದು ಕಾಲಿಗಾಗಿ, ಕೈಗಾಗಿ ಅಲ್ಲ. ಎತ್ತರಕ್ಕೆ ಸುಲಭದ ಅಳತೆ: ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂಗಾಲು ಇಟ್ಟು ತುಳಿಯುವಾಗ ಮೊಣಕಾಲಿನಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಸೀಟು ಮಟ್ಟಸವಾಗಿರಲಿ. ಮೂತಿ ಕೆಳಗಿದ್ದರೆ ಜಾರುಬಂಡೆಯಂತೆ ಮುಂದಕ್ಕೆ ಜಾರುತ್ತಿರುತ್ತೀರಿ, ಜಾರದಂತೆ ಕೈಯಲ್ಲಿ ಒತ್ತಿ ಹಿಡಿಯುತ್ತೀರಿ. ಪದೇಪದೇ ಹಿಂದಕ್ಕೆ ಸರಿದು ಕೂರಬೇಕಾಗುತ್ತಿದ್ದರೆ ಮೊದಲು ಇದನ್ನೇ ನೋಡಿ. ಗಾರೆಯವರ ಮಟ್ಟಗೋಲು ಇಲ್ಲದಿದ್ದರೆ ಫೋನಿನಲ್ಲಿರುವ ಮಟ್ಟವೂ ಸಾಕು.

ಇಷ್ಟಾದ ಮೇಲೂ ಹ್ಯಾಂಡಲ್ ದೂರ ಅನ್ನಿಸಿದರೆ ಬದಲಿಸಬೇಕಾದ್ದು ಸ್ಟೆಮ್. ಹ್ಯಾಂಡಲನ್ನು ಫೋರ್ಕಿನ ಕೊಳವೆಗೆ ಜೋಡಿಸುವ ಗಿಡ್ಡ ತೋಳು ಅದು. ನನ್ನದು 100 ಎಂಎಂ ಇತ್ತು, 80 ಎಂಎಂ ಹಾಕಿಸಿದೆ. ನನ್ನ ಕುತ್ತಿಗೆಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟದ್ದು ಈ ಎರಡು ಸೆಂಟಿಮೀಟರ್. ಹ್ಯಾಂಡಲ್ ತೀರಾ ಕೆಳಗಿದ್ದರೆ ಇನ್ನೊಂದು ದಾರಿಯಿದೆ, ಅದಕ್ಕೆ ಕಾಸೂ ಬೇಡ. ಎಷ್ಟೋ ರೋಡ್ ಸೈಕಲ್‌ಗಳಲ್ಲಿ ಸ್ಟೆಮ್ ಕೆಳಕ್ಕೆ ಓರೆಯಾಗಿರುತ್ತದೆ. ಅದನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಮೇಲಕ್ಕೆ ಓರೆಯಾಗುತ್ತದೆ. 6 ಡಿಗ್ರಿ ಓರೆಯ 100 ಎಂಎಂ ಸ್ಟೆಮ್‌ನಲ್ಲಿ ಹ್ಯಾಂಡಲ್ ಸುಮಾರು 2 ಸೆಂಟಿಮೀಟರ್ ಏರುತ್ತದೆ. ಸ್ಟೆಮ್ ಮೇಲೆ ಉಂಗುರದಂಥ ಸ್ಪೇಸರ್‌ಗಳಿದ್ದರೆ ಅವನ್ನು ಕೆಳಗೆ ಹಾಕಿಯೂ ಏರಿಸಬಹುದು. ಬೋಲ್ಟುಗಳ ಪಕ್ಕದಲ್ಲೇ ಎಷ್ಟು ಬಿಗಿ ಎಂದು ಬರೆದಿರುತ್ತದೆ, ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಆಸುಪಾಸು. ಅಂದಾಜಿನ ಮೇಲೆ ಬಿಗಿಯುವ ಜಾಗ ಇದಲ್ಲ. ಬಿಗಿ ಅಳೆದು ತಿರುಗಿಸುವ ಟಾರ್ಕ್ ಕೀ ಇರುವವರ ಹತ್ತಿರ ಮಾಡಿಸಿ, ಕಾರ್ಬನ್ ಸೈಕಲ್ ಆದರೆ ಖಂಡಿತ.

ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಅರ್ಧ-ಒಂದು ಸೆಂಟಿಮೀಟರ್. ಎರಡು ಮೂರು ಸವಾರಿ ನೋಡಿ, ಆಮೇಲೆ ಮುಂದಿನದು. ಹಳೇ ಅಳತೆಯನ್ನು ಬರೆದಿಟ್ಟುಕೊಳ್ಳಿ. ಸೀಟಿನ ಮೇಲಿಂದ ನೋಡಿದಾಗ ಹ್ಯಾಂಡಲ್ ಮುಂಚಕ್ರದ ನಡುವಿನ ಹಬ್ ಅನ್ನು ಮರೆ ಮಾಡಬೇಕು ಎಂಬ ಹಳೇ ಲೆಕ್ಕವನ್ನು ಈಗಲೂ ಹೇಳುವವರಿದ್ದಾರೆ. ಅದು ಎಲ್ಲ ಸೈಕಲಿಗೂ ಹೊಂದುವುದಿಲ್ಲ. ಅದರ ಬದಲು ಸ್ನೇಹಿತರಿಗೆ ಹೇಳಿ, ನೀವು ತುಳಿಯುವುದನ್ನು ಪಕ್ಕದಿಂದ ವಿಡಿಯೋ ಮಾಡಿಸಿ. ಅರ್ಧ ಗಂಟೆ ತುಳಿದು ದಣಿದ ಮೇಲೆ ತೆಗೆಸಿ, ಶುರುವಿನಲ್ಲಿ ಎಲ್ಲರೂ ಚೆನ್ನಾಗೇ ಕೂರುತ್ತಾರೆ. ಮೊಣಕೈ ಸ್ವಲ್ಪ ಬಾಗಿದೆಯಾ, ಹೆಗಲಿಗೂ ಕಿವಿಗೂ ಮಧ್ಯೆ ಜಾಗ ಇದೆಯಾ, ಇಷ್ಟು ನೋಡಿದರೆ ಸಾಕು. ಹ್ಯಾಂಡಲ್ ತೀರಾ ಹತ್ತಿರ ತಂದರೂ ಬೆನ್ನು ಗೂನಾಗಿ ಹೆಗಲು ಮೇಲೇರುತ್ತದೆ, ಅದೂ ಬೇಡ.

ಅಗಲವನ್ನೂ ನೋಡಿ. ರೋಡ್ ಸೈಕಲಿನ ಹ್ಯಾಂಡಲ್ ಹೆಚ್ಚುಕಮ್ಮಿ ನಿಮ್ಮ ಹೆಗಲ ಮೂಳೆಗಳಷ್ಟೇ ಅಗಲ ಇರಬೇಕು. ಎಂಟಿಬಿಯ, ಅಂದರೆ ಮೌಂಟನ್ ಬೈಕಿನ, ನೇರ ಹ್ಯಾಂಡಲ್ ಬಲು ಅಗಲ, ಕೈ ಇಡಲು ಒಂದೇ ಜಾಗ. ಅದರಲ್ಲಿ ದೂರ ಹೋಗುವವರು ತುದಿಗೆ ಬಾರ್ ಎಂಡ್ ಎಂಬ ಚಿಕ್ಕ ಕೊಂಬು ಹಾಕಿಸಿಕೊಂಡರೆ ಹಿಡಿತ ಬದಲಿಸಲು ಇನ್ನೊಂದು ಜಾಗ ಸಿಗುತ್ತದೆ.

ದಾರಿಯಲ್ಲಿ

ಹೆಲ್ಮೆಟ್ ಸಡಿಲವಾಗಿದ್ದರೆ ಹಣೆ ಮೇಲೆ ಜಾರಿ ಕಣ್ಣಿಗೆ ಅಡ್ಡ ಬರುತ್ತದೆ, ರಸ್ತೆ ಕಾಣಲು ತಲೆ ಇನ್ನಷ್ಟು ಎತ್ತುತ್ತೀರಿ. ಹಿಂದಿನ ತಿರುಪು ಬಿಗಿ ಮಾಡಿ. ಮುಂದೆ ಛಜ್ಜಾದಂಥ ವೈಸರ್ ಇದ್ದರೆ ತೆಗೆದುಬಿಡಿ. ಕನ್ನಡಕ ಹಾಕುವವರಿಗೆ ಫ್ರೇಮಿನ ಮೇಲಂಚು ಇದೇ ಕಾಟ ಕೊಡುತ್ತದೆ, ಮೂಗಿನ ಮೇಲೆ ಜಾರದಂತೆ ನೋಡಿಕೊಳ್ಳಿ. ಬೆನ್ನಿಗೆ ಚೀಲ ಬೇಡ. ನೀರು, ಟ್ಯೂಬು, ಪಂಪು, ಮಳೆ ಜಾಕೆಟ್ ಎಲ್ಲವೂ ಸೈಕಲ್ ಮೇಲೆ ಕೂರಲಿ, ಹೆಗಲ ಮೇಲೆ ಅಲ್ಲ. ಟೈರಿಗೆ ಕಲ್ಲಿನಷ್ಟು ಗಟ್ಟಿಯಾಗಿ ಗಾಳಿ ತುಂಬುವುದನ್ನೂ ಬಿಡಿ. 70 ಕೆಜಿ ಆಸುಪಾಸಿನವರಿಗೆ 28 ಎಂಎಂ ಟೈರಿನಲ್ಲಿ 70-75 ಪಿಎಸ್‌ಐ ಸಾಕು. ಮಳೆಗಾಲ ಕಳೆದ ನಮ್ಮ ರಸ್ತೆಗಳಲ್ಲಿ ಇದರ ವ್ಯತ್ಯಾಸ ಹೆಗಲಿಗೆ ತಕ್ಷಣ ಗೊತ್ತಾಗುತ್ತದೆ.

ಮುಳ್ಳಯ್ಯನಗಿರಿ ಹತ್ತಿದರೆ ಕಾಲು ನೋಯುತ್ತದೆ, ಇಳಿದರೆ ಕುತ್ತಿಗೆ ನೋಯುತ್ತದೆ. 1,930 ಮೀಟರ್ ಎತ್ತರದಿಂದ ಚಿಕ್ಕಮಗಳೂರಿಗೆ ಇಳಿಯುವಾಗ ಸೈಕಲಿನ ಮೂತಿಯೇ ಕೆಳಗಾಗಿ ಮೈ ಮುಂದಕ್ಕೆ ವಾಲುತ್ತದೆ. ತಿರುವು ನೋಡಲು ತಲೆ ಮಾತ್ರ ಮೇಲೇ ಇರಬೇಕು. ಮದನಿಕೆ ನೋಡಿದ್ದಕ್ಕಿಂತ ಹೆಚ್ಚಿನ ಮಡಿಕೆ. ಬ್ರೇಕ್ ಒತ್ತಿ ಒತ್ತಿ ಮುಂಗೈ ಬಿಗಿದಿರುತ್ತದೆ, ತಿರುವಿನ ಭಯಕ್ಕೆ ಹೆಗಲು ಕಿವಿಗಂಟಿರುತ್ತದೆ, ಜೊತೆಗೆ ತಣ್ಣನೆ ಗಾಳಿ. ನಾನೀಗ ಸೀತಾಳಯ್ಯನಗಿರಿ ಹತ್ತಿರ ಒಮ್ಮೆ, ಕೈಮರದ ಹತ್ತಿರ ಒಮ್ಮೆ ನಿಂತೇ ಇಳಿಯುತ್ತೇನೆ. ಎರಡು ನಿಮಿಷ ಕೈ ಜಾಡಿಸಿ, ಹೆಗಲು ತಿರುಗಿಸಿ ಮತ್ತೆ ಹೊರಡುತ್ತೇನೆ. ಡಿಸೆಂಬರ್ ಬೆಳಗ್ಗೆಯಾದರೆ ಕುತ್ತಿಗೆಗೆ ಒಂದು ಬಟ್ಟೆ ಇರಲೇಬೇಕು.

ಸಮತಟ್ಟು ದಾರಿಯಲ್ಲಿ ಹೆಗಲು ಯಾವಾಗ ಮೇಲೇರಿತು ಎಂಬುದೇ ಗೊತ್ತಾಗುವುದಿಲ್ಲ. ಅದಕ್ಕೆ ನಾನು ಕಿಲೋಮೀಟರ್ ಕಲ್ಲನ್ನು ನಂಬಿದ್ದೇನೆ. ಕಲ್ಲು ಕಂಡಾಗಲೆಲ್ಲ ಒಮ್ಮೆ ಉಸಿರು ಬಿಟ್ಟು ಹೆಗಲು ಇಳಿಸುತ್ತೇನೆ, ಮೊಣಕೈ ಸಡಿಲ ಬಿಡುತ್ತೇನೆ, ಕೈ ಹಿಡಿದ ಜಾಗ ಬದಲಿಸುತ್ತೇನೆ. ಬೇಲೂರು ಬರುವಷ್ಟರಲ್ಲಿ ಸುಮಾರು 40 ಸಲ ಆಗಿರುತ್ತದೆ. ಮುಂದೆ ಖಾಲಿ ರಸ್ತೆ ಇದ್ದರೆ ಗದ್ದವನ್ನು ಸ್ವಲ್ಪ ಒಳಗೆಳೆದು, ತಲೆಯ ಬದಲು ಕಣ್ಣನ್ನು ಮೇಲೆತ್ತಿ ನೋಡಿ. ಏರಿನಲ್ಲಿ ಭಾರದ ಗೇರ್ ಹಾಕಿ ಹ್ಯಾಂಡಲ್ ಜಗ್ಗಬೇಡಿ, ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯಿರಿ. ಗಂಟೆ-ಒಂದೂವರೆ ಗಂಟೆಗೊಮ್ಮೆ ನಿಂತು ಟೀ ಕುಡಿಯಿರಿ, ಆದರೆ ಆ ಹತ್ತು ನಿಮಿಷವೂ ತಲೆ ಬಗ್ಗಿಸಿ ಫೋನ್ ನೋಡಿದರೆ ಕುತ್ತಿಗೆಗೆ ಬಿಡುವು ಸಿಕ್ಕ ಹಾಗಾಗುವುದಿಲ್ಲ. ದೂರವನ್ನೂ ಮೆಲ್ಲಗೆ ಏರಿಸಿ. 40ರವರು ಒಮ್ಮೆಗೇ 130ಕ್ಕೆ ಹಾರಿದರೆ ನನಗಾದದ್ದೇ ಆಗುತ್ತದೆ.

ಮನೆಯಲ್ಲಿ

ಒಂದೇ ವ್ಯಾಯಾಮ ಮಾಡುತ್ತೇನೆ ಎನ್ನುವವರಿಗೆ ಇದು. ಗೋಡೆಗೆ ಬೆನ್ನು ತಾಗಿಸಿ ಕೂರಿ, ಕಣ್ಣು ನೇರ ಮುಂದೆ ಇರಲಿ. ತಲೆಯನ್ನು ಮೇಲೆ ಕೆಳಗೆ ಮಾಡದೆ, ಗದ್ದವನ್ನು ನೇರ ಹಿಂದಕ್ಕೆ ಎಳೆಯಿರಿ. ಯಾರೋ ಮುಖದ ಹತ್ತಿರ ಕೈ ತಂದಾಗ ಹಿಂದೆ ಸರಿಯುತ್ತೀವಲ್ಲ, ಹಾಗೆ. ಗದ್ದದ ಕೆಳಗೆ ಎರಡು ಮಡಿಕೆ ಬೀಳುತ್ತದೆ. ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ ಮಾಡಿ. ಕುತ್ತಿಗೆಯ ಮುಂಭಾಗದ ಒಳಗಿರುವ ಚಿಕ್ಕ ಸ್ನಾಯುಗಳು ಇದರಿಂದ ಗಟ್ಟಿಯಾಗುತ್ತವೆ. ಅವು ಕೆಲಸ ಮಾಡದಿದ್ದರೆ ಎಲ್ಲ ಭಾರ ಹಿಂದಿನವುಗಳ ಮೇಲೆ ಬೀಳುತ್ತದೆ.

ಇದಕ್ಕೆ ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೆಟ್ಟಗೆ ಹಿಡಿಯುವ ಪ್ಲ್ಯಾಂಕ್ ಸೇರಿಸಿಕೊಳ್ಳಿ, ಭುಜಂಗಾಸನ ಮತ್ತು ಮಾರ್ಜಾಲಾಸನ ಗೊತ್ತಿದ್ದವರು ಅವನ್ನೂ ಮಾಡಿ. ಹೊಟ್ಟೆ-ಬೆನ್ನು ಮೈಯನ್ನು ಹೊತ್ತರೆ ಕೈ ಹೊರಬೇಕಿಲ್ಲ. ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯುವುದು ರೆಕ್ಕೆ ಮೂಳೆಯ ಸುತ್ತಲಿನ ಸ್ನಾಯುಗಳಿಗೆ ಒಳ್ಳೆಯದು. ವಾರಕ್ಕೆ ಮೂರು ದಿನ ಮಾಡಿದರೆ ಕೆಲವೇ ವಾರಗಳಲ್ಲಿ ಸವಾರಿಯಲ್ಲಿ ಗೊತ್ತಾಗುತ್ತದೆ.

ನೋವು ಬಂದೇಬಿಟ್ಟರೆ ಎರಡು ಮೂರು ದಿನ ಸವಾರಿ ಬಿಡಿ, ಆದರೆ ಹಾಸಿಗೆ ಹಿಡಿಯಬೇಡಿ. ಮೆಲ್ಲಗೆ ಕತ್ತು ಆಡಿಸುತ್ತಿರಿ, ನಡೆಯಿರಿ. ಅಮ್ಮ ಹೇಳಿದ ಬಿಸಿನೀರು ಬಿಗಿದ ಸ್ನಾಯುವಿಗೆ ನಿಜವಾಗಿಯೂ ಹಿತ. ನೋವಿನ ಮಾತ್ರೆ ನುಂಗಿ ಸವಾರಿ ಮುಂದುವರಿಸುವುದು ಮಾತ್ರ ಬೇಡವೇ ಬೇಡ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾಗಿರುವಾಗ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು.

ಇನ್ನೊಂದು ಮಾತು, ಇದನ್ನು ಕೈಮುಗಿದು ಹೇಳುತ್ತೇನೆ. ಕಟಿಂಗ್ ಅಂಗಡಿಯಲ್ಲಿ ತಲೆ ಮಸಾಜ್ ಮಾಡಿ, ಕೊನೆಗೆ ಗದ್ದ ಹಿಡಿದು ಕತ್ತನ್ನು ಲಟಕ್ ಎಂದು ತಿರುಗಿಸುತ್ತಾರಲ್ಲ, ಅದನ್ನು ಮಾಡಿಸಬೇಡಿ. ಮೆದುಳಿಗೆ ರಕ್ತ ಒಯ್ಯುವ ನಾಳಗಳಲ್ಲಿ ಎರಡು ಕುತ್ತಿಗೆಯ ಮೂಳೆಗಳ ಮೂಲಕವೇ ಹೋಗುತ್ತವೆ. ಹಠಾತ್ತಾಗಿ ಜೋರಾಗಿ ತಿರುಗಿಸಿದಾಗ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಸ್ನಾಯು ನೋವು ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ತೋರಿಸಿ.

ಬೆರಳು ಜೋಮು ಹಿಡಿಯುವುದರಲ್ಲಿ ಎರಡು ಬಗೆಯುಂಟು. ಸವಾರಿಯಲ್ಲಿ ಕಿರುಬೆರಳು, ಉಂಗುರ ಬೆರಳು ಮಾತ್ರ ಮರಗಟ್ಟಿ, ನಿಂತು ಕೈ ಜಾಡಿಸಿದಾಗ ಸರಿಹೋದರೆ, ಹೆಚ್ಚಿನ ಸಲ ಅದು ಹ್ಯಾಂಡಲ್ ಅಂಗೈಯನ್ನು ಒತ್ತಿದ್ದರ ಫಲ. ಭಾರ ಕಡಿಮೆ ಮಾಡಿದರೆ ಹೋಗುತ್ತದೆ. ಕುತ್ತಿಗೆಯಿಂದ ಕೈಗೆ ಕರೆಂಟ್ ಹೊಡೆದಂತೆ ನೋವು ಇಳಿಯುವುದು, ಕತ್ತು ತಿರುಗಿಸಿದರೆ ಅದು ಹೆಚ್ಚಾಗುವುದು, ಲೋಟ ಹಿಡಿಯಲೂ ಕೈಯಲ್ಲಿ ಬಲ ಇಲ್ಲದಿರುವುದು, ಇವು ನಿಜವಾಗಿ ನರ ಒತ್ತಿದ ಲಕ್ಷಣ. ಇದಕ್ಕೆ ಎಣ್ಣೆ, ಮುಲಾಮು ಸಾಲದು.

ಬಿದ್ದ ಮೇಲೆ ಬಂದ ಕುತ್ತಿಗೆ ನೋವು, ಜ್ವರ ಅಥವಾ ಸಹಿಸಲಾಗದ ತಲೆನೋವಿನ ಜೊತೆ ಬಂದ ನೋವು, ನಡೆಯುವಾಗ ಕಾಲು ತೊಡರುವುದು, ಮೂತ್ರ ಹಿಡಿತ ತಪ್ಪುವುದು, ಇವಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಿ. ಏರು ಹತ್ತುವಾಗ ಎದೆ ಬಿಗಿದು, ತಣ್ಣನೆ ಬೆವರು ಬಂದು, ಹೆಗಲು, ತೋಳು, ದವಡೆ ನೋಯಲು ಶುರುವಾದರೆ ಅದನ್ನು ಸೈಕಲ್ ನೋವು ಎಂದು ತಳ್ಳಿಹಾಕಬೇಡಿ. ಅದು ಹೃದಯದ್ದಿರಬಹುದು. ಅಲ್ಲೇ ನಿಂತು 108ಕ್ಕೆ ಫೋನ್ ಮಾಡಿ.

ಉಳಿದಂತೆ ಫಿಸಿಯೋಥೆರಪಿಯವರ ಹತ್ತಿರ ಹೋಗುವಾಗ ಫೋನಿನಲ್ಲಿ ಆ ಪಕ್ಕದ ವಿಡಿಯೋ ಇರಲಿ. ಎಷ್ಟನೇ ಕಿಲೋಮೀಟರಿಗೆ ನೋವು ಶುರುವಾಗುತ್ತದೆ, ಏರಿನಲ್ಲೋ ಇಳಿಜಾರಿನಲ್ಲೋ, ಎಡಕ್ಕೋ ಬಲಕ್ಕೋ ಎಂಬುದನ್ನು ಬರೆದುಕೊಂಡು ಹೋಗಿ. ನನ್ನನ್ನು ನೋಡಿದವರು ಕುತ್ತಿಗೆ ಮುಟ್ಟುವ ಮೊದಲು ಕೇಳಿದ್ದು, "ಸೀಟು ಎಲ್ಲಿಟ್ಟಿದ್ದೀರಾ, ತೋರಿಸಿ" ಎಂದು.